ಅಪ್ಪ ಜೋಡಿಸಿಬಿಟ್ಟ ಉಕ್ಕು

ಹಾಸ್ಟೆಲ್
ಮಾರ್ಚ್ ೮, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಸತಾಯಿಸಿದ್ದಕ್ಕೆ ಬೈಯಿ. ಆದರೆ ಪೂರ್ತಿ ಓದಿ ಆಮೇಲೆ ಬೈಯಿ. ನಾನು ಚೆನ್ನಾಗಿದ್ದೇನೆ. ಭಾವ ಹೇಗಿದ್ದಾರೆ? ಅವರ ಗೊರಕೆ ಪಕ್ಕದ ಮನೆಯವರಿಗೆ ಅಭ್ಯಾಸವಾಯಿತೇ?

ತಡಕ್ಕೆ ಕಾರಣ ಬೆರಳುದ್ದದ ಒಂದು ಉಕ್ಕಿನ ತುಂಡು. ಅದನ್ನು ಯಂತ್ರದ ದವಡೆಗೆ ಕಚ್ಚಿಸಿ ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು, ಯಾವಾಗ ಮುರಿಯುತ್ತದೋ ಎಂದು ಕಾಯುತ್ತ ಕೂರುವುದು. ಇಷ್ಟೇ ನನ್ನ ಎಂ.ಟೆಕ್. ಒಂದೇ ಸಲ ಜೋರಾಗಿ ಜಗ್ಗಿದರೆ ತಡೆದುಕೊಳ್ಳುವ ಉಕ್ಕು, ಸಣ್ಣ ಸಣ್ಣ ಎಳೆತ ಲಕ್ಷಾಂತರ ಸಲ ಬಿದ್ದರೆ ಸೋತು ಮುರಿಯುತ್ತದೆ. "ಮುರಿಯೋದು ಕಲಿಯೋಕೆ ಕಾಲೇಜು ಬೇರೆ ಬೇಕಿತ್ತಾ? ಮನೇಲಿ ಕಪ್ಪು ಬಸಿ ಎಲ್ಲಾ ನೀನೇ ಮುಗಿಸಿದ್ಯಲ್ಲ" ಎನ್ನುತ್ತಾಳೆ ಅಮ್ಮ.

ಉಳಿದವರ ತುಂಡುಗಳು ಪಟಪಟನೆ ಮುರಿದವು. ನನ್ನದು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಹೋದ ಬುಧವಾರ ಟಪ್ ಎಂದು ಮುರಿಯಿತು. ನಾನು ಕುಣಿಯುತ್ತಿರುವಾಗಲೇ ಬಾಗಿಲಲ್ಲಿ ಕೊಡೆ ಹಿಡಿದುಕೊಂಡು ಅಪ್ಪ.

ಅಪ್ಪನ ಸುದ್ದಿ ಬಂದರೆ ನೀನು ಕಾಗದ ಮಡಚಿಡುತ್ತೀ ಎಂದು ಗೊತ್ತು. ನಿಮ್ಮಿಬ್ಬರ ಮಾತು ನಿಂತು ಎರಡು ವರ್ಷವಾಯಿತು, ನಡುವೆ ಸಿಕ್ಕಿ ನನಗಂತೂ ಸಾಕಾಗಿದೆ. ಈ ಸಲ ಓದು, ನನಗೋಸ್ಕರ.

ನಮ್ಮ ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಮುರಿದ ಎರಡು ಮುಖಗಳನ್ನು ಎಂದೂ ಒಂದಕ್ಕೊಂದು ತಾಗಿಸಬಾರದು. ಬಿರುಕು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು ಎಂಬ ಗುರುತೆಲ್ಲ ಆ ಮುಖದ ಮೇಲೇ ಸಣ್ಣ ಸಣ್ಣ ಗೆರೆಗಳಾಗಿ ಇರುತ್ತದೆ. ಒತ್ತಿದರೆ ಉಜ್ಜಿಹೋಯಿತು, ಕಥೆ ಮುಗಿಯಿತು.

ಅಪ್ಪನ ಕೈ ನಿನಗೆ ಗೊತ್ತಲ್ಲ. ನಮ್ಮ ಮನೆಯಲ್ಲಿ ಅವನು ಅಂಟಿಸದ ಕಪ್ಪಿಲ್ಲ. ಅವನು ಅಂಟಿಸಿದ ಕುರ್ಚಿಯಲ್ಲಿ ಕೂತೇ ಸೋದರಮಾವ ಆವತ್ತು ನೆಲ ಹಿಡಿದದ್ದು. ನಾನು ಡಬ್ಬಿ ತರಲು ಆ ಕಡೆ ತಿರುಗಿದ್ದೇ ತಡ, ಅಪ್ಪ ಎರಡೂ ತುಂಡು ಎತ್ತಿಕೊಂಡು, ಅಂಗಿಯ ತುದಿಯಿಂದ ಚೆನ್ನಾಗಿ ಒರೆಸಿ, ಒಂದಕ್ಕೊಂದು ಒತ್ತಿ, ಸ್ವಲ್ಪ ತಿರುಗಿಸಿ ಕೂರಿಸಿದ. "ನೋಡು ಪುಟ್ಟಿ, ಒಂದು ಚೂರೂ ಕಳೆದಿಲ್ಲ. ಮನೇಲಿ ಒಳ್ಳೆ ಅಂಟಿದೆ."

ನಮ್ಮ ಗೈಡ್ ಮೇಡಂ ಅಲ್ಲೇ ಸ್ಟೂಲಿನ ಮೇಲೆ ಕುಸಿದರು. "ಸಾಕ್ಷಿಯ ಬಾಯಿ ಹೊಲಿದ್ಬಿಟ್ರಲ್ಲ ಯಜಮಾನ್ರೇ. ಇನ್ನು ಏನು ನೋಡೋದಿದ್ರೂ ಕೈ ಹಿಂದೆ ಕಟ್ಕೊಂಡು ನೋಡಿ."

ಅಪ್ಪ ಶಾಲೆಯ ಹುಡುಗನ ಹಾಗೆ ಕೈ ಹಿಂದೆ ಕಟ್ಟಿದ. ಪಾಪ, ಮುಖ ಸಣ್ಣದಾಗಿತ್ತು. ಮೇಡಂಗೆ ಕನಿಕರ ಬಂದು, ಬೇರೆ ಯಾರದೋ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಕಣ್ಣಿಗೂ ಕಾಣದ ಒಂದು ಗೀರಿನಿಂದ ಬಿರುಕು ಹೊರಟಿತ್ತು. ಅಪ್ಪ ಬಹಳ ಹೊತ್ತು ನೋಡಿದ.

"ಎಲ್ಲಿಂದ ಶುರುವಾಯ್ತು ಅಂತ ಗೊತ್ತಾದ್ರೆ ಇದನ್ನ ಸರಿ ಮಾಡ್ಬಹುದಾ?"

"ಇದನ್ನಲ್ಲ" ಎಂದರು ಮೇಡಂ, "ಮುಂದಿನದು ಮುರೀದ ಹಾಗೆ ನೋಡ್ಕೋಬಹುದು."

ಈಗ ಹೊಸ ತುಂಡು ಹಾಕಿದ್ದೇನೆ. ತಿಂಗಳೊಳಗೆ ಅದು ಮುರಿಯದಿದ್ದರೆ ನನ್ನ ಪದವಿ ಮುಂದಿನ ವರ್ಷಕ್ಕೆ. ಅಪ್ಪನ ಮೇಲೆ ಎರಡು ದಿನ ಉರಿದುಕೊಂಡೆ, ಮೂರನೆಯ ದಿನ ನಗು ಬಂತು.

ಭಾವನಿಗೆ ನಮಸ್ಕಾರ. ನಿನ್ನ ಹೊಟ್ಟೆಯಲ್ಲಿರುವ ಮರಿಗೆ ನನ್ನ ಆಶೀರ್ವಾದ. ಚಿಕ್ಕಮ್ಮ ಆಗುವವಳಿಗೆ ಅಷ್ಟು ಅಧಿಕಾರ ಇದೆ ಎಂದುಕೊಂಡಿದ್ದೇನೆ.

ನಿನ್ನ
ಪುಟ್ಟಿ

ತಾ.ಕ.: ಬಸ್ಸು ಹತ್ತುವ ಮೊದಲು ಅಪ್ಪ ಕೇಳಿದ. "ನಿಮ್ಮಕ್ಕಂಗೆ ಬರೆದ್ರೆ ಒಂದು ಮಾತು ಕೇಳು. ನಾನು ಅಂದ ಯಾವ ಮಾತಿಂದ ಶುರುವಾಯ್ತು ಅಂತ. ನಂಗೆ ಅವಳು ಬಾಗಿಲು ಹಾಕ್ಕೊಂಡು ಹೋಗಿದ್ದಷ್ಟೇ ನೆನಪಿದೆ. ಈ ಸಲ ಅಂಟಿಸೋಕೆ ಹೋಗಲ್ಲ ಅಂತ ಹೇಳು." ಇಷ್ಟು ಹೇಳುವಾಗಲೂ ಅವನು ಕೈ ಹಿಂದೆಯೇ ಕಟ್ಟಿಕೊಂಡಿದ್ದ, ಅಕ್ಕ.