ಪಾರಿವಾಳದ ಗೂಡಿನಲ್ಲಿಟ್ಟ ಕಲ್ಲು

ಮಲ್ಲವಿ ಊರಿನ ಎದುರು ದಡ,
ತೂಬಾ ತಿಂಗಳ ಹನ್ನೆರಡು, 1962

ಅಪ್ಪಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಕೈರೋದ ಚಳಿಗೆ ಎದೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ, ಅಮ್ಮ ಹೇಳಿದಳು. ನಾನು ಹೇಳುವುದು ಬೇರೆ: ಆ ಹಳೇ ಸಾಮಾನಿನ ಅಂಗಡಿಯವನ ಬಾಗಿಲಲ್ಲಿ ಕಲ್ಲಿನ ಗಿರಾಕಿಗೆ ಕಾದು ಕೂತದ್ದು ಸಾಕು, ಮನೆಗೆ ಬಾ. ನನ್ನ ಕೈಬರಹ ನೋಡಿ ನಗಬೇಡ. ಶಾಲೆ ಬಿಡಿಸಿ ಕೈಗೆ ಉಳಿ ಕೊಟ್ಟವನು ನೀನೇ.

ನೀನು ಹೊಸದಾಗಿ ಕೆತ್ತಿದ ಆ ಹಳೇ ಗೋರಿಕಲ್ಲಿನ ವಿಷಯ. ಮಣ್ಣಿನಿಂದ ತೆಗೆದಾಗ ಅದರಲ್ಲಿ ಕೆತ್ತಿದ್ದ ಮಗುವಿಗೆ ಮೂಗೂ ಇರಲಿಲ್ಲ, ಬಾಯಿಯೂ ಇರಲಿಲ್ಲ, ಸವೆದು ರೊಟ್ಟಿಯ ಹಾಗಿತ್ತು. ಅದಕ್ಕೆ ಮುಖ ಮಾಡಲು ಜಗತ್ತಿನಲ್ಲಿ ನಿನಗೆ ಬೇರೆ ಮುಖವೇ ಸಿಗಲಿಲ್ಲವೇ? ಹೋದ ವರ್ಷ ಜ್ವರದಲ್ಲಿ ತೀರಿಕೊಂಡ ತಮ್ಮ ಬಖೂಮನ ಮುಖವೇ ಬೇಕಾಗಿತ್ತೇ? "ಕೈ ತಾನಾಗೇ ಹೋಯ್ತು ಕಣೋ" ಎಂದು ನೀನು ಹೇಳಿದೆ. ಕೈಗೆ ಬೈಯಲೇ, ನಿನಗೆ ಬೈಯಲೇ? ಕೆಳಗೆ ಹಳೇ ಅಕ್ಷರ ಇದ್ದರೆ ಚೆಂದ ಎಂದು ಚರ್ಚಿನ ಪುಸ್ತಕ ತಂದು, ಅರ್ಥ ಗೊತ್ತಿಲ್ಲದ ಒಂದು ಸಾಲನ್ನು ನೀನು ನೋಡಿಕೊಂಡು ಕೆತ್ತಿದೆ. "ಇದನ್ನ ಯಾರು ಓದ್ತಾರೋ, ಕತ್ತೆ? ಕೊಳ್ಳೋ ಸಾಹೇಬರು ಬರೀ ಗೆರೆ ನೋಡ್ತಾರೆ" ಎಂದು ನನ್ನನ್ನೇ ಬೈದೆ. ಆಮೇಲೆ ಹೊಸ ಉಳಿಯೇಟಿನ ಬಿಳುಪು ಹೋಗಲಿ ಎಂದು ಪಾರಿವಾಳಗಳು ಗೂಡು ಕಟ್ಟುವ ಗೋಪುರದೊಳಗೆ, ಅವುಗಳ ಹಿಕ್ಕೆಯಲ್ಲಿ ಬೋರಲು ಹೂತಿಟ್ಟು ಹೊರಟುಹೋದೆ.

ಹೊಲದ ಗೊಬ್ಬರಕ್ಕೆಂದು ಹಿಕ್ಕೆ ಬಾಚಲು ಹೋದ ಅಮ್ಮ ಅದನ್ನು ಕಂಡಳು. ನನ್ನನ್ನು ಕರೆದು ಅದನ್ನು ಎತ್ತಿಸಿ ಗೋಡೆಗೆ ಒರಗಿಸಿದಳು. ಅದರ ಮುಖ ತೊಳೆದಳು. ಮನೆಗೆ ತೀರ್ಥ ಚಿಮುಕಿಸಲು ಬಂದ ಪಾದ್ರಿ ಸರಾಬಮೂನರನ್ನು ತೋಳು ಹಿಡಿದು ಎಳೆದೊಯ್ದಳು. ಅವರು ಕೆಳಗಿನ ಸಾಲು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು: "ಅಯ್ಯೋ ಹುಡುಗಾ, ನಿಮ್ಮಪ್ಪನ ಬುದ್ಧಿಯೇ! ಗೋರಿ ಮೇಲೆ ಯಾರಾದ್ರೂ ಇದನ್ನ ಬರೀತಾರಾ? ಪೂಜೆ ಮಧ್ಯೆ ಜನರಿಗೆ ಕೂಗೋ ಮಾತಲ್ವಾ ಇದು, 'ಎದ್ದು ನಿಲ್ಲಿ' ಅಂತ!" ಅಮ್ಮ ನಗಲಿಲ್ಲ. "ಅವರಪ್ಪನೇ ಕರೆದಿದ್ದಾನೆ. ಏಳ್ತಾನೆ ಬಿಡಿ" ಎಂದಳು.

ಅಂದಿನಿಂದ ಕಲ್ಲಿನ ಮುಂದೆ ರೊಟ್ಟಿ ಇಡುತ್ತಾಳೆ. ರೊಟ್ಟಿ ಉಳಿಯುವುದಿಲ್ಲ. ಇಲಿ ಎಂದೆ. ಪಾರಿವಾಳಗಳು ಒಂದೂ ಉಳಿಯದೆ ಹಾರಿಹೋದವು. ಹಾವು ಹೊಕ್ಕಿರಬೇಕು ಎಂದೆ. ಮೊನ್ನೆ ಮಧ್ಯಾಹ್ನ ಅವಳು ನದಿಗೆ ಹೋದಾಗ ಕಲ್ಲನ್ನು ಬೋರಲು ಕೆಡವಿದೆ. ಅವಳು ಇನ್ನೂ ದಡದಲ್ಲೇ ಇದ್ದಳು, ಸ್ವಲ್ಪ ಹೊತ್ತಿಗೆ ನಾನು ತಿರುಗಿ ಬಂದು ನೋಡಿದರೆ ಕಲ್ಲು ಗೋಡೆಗೆ ಒರಗಿ ನಿಂತಿತ್ತು. ನೀನೂ ನಾನೂ ಏದುಸಿರು ಬಿಡುತ್ತಾ ಹೊತ್ತ ಕಲ್ಲು ಅದು. ನಿನ್ನೆ ಅಕ್ಷರ ಒಡೆಯಲು ಉಳಿ ಹಿಡಿದು ಹೋದೆ, ಅಮ್ಮ ಅಡ್ಡ ನಿಂತಳು. "ಮುಟ್ಟಿದ್ರೆ ನೀನು ನನ್ನ ಮಗನೇ ಅಲ್ಲ." ಬದುಕಿರುವವನು ನಾನು, ಅಪ್ಪಾ. ನನಗೆ ಹಾಗೆ ಹೇಳಿದಳು. ನೀನು ಕೆತ್ತಿದ್ದನ್ನು ನೀನೇ ಬಂದು ಅಳಿಸು. ಗಿರಾಕಿಯನ್ನು ಕರೆತಂದರೆ ಅವಳೂ ಕಲ್ಲಿನ ಜೊತೆ ದೋಣಿ ಹತ್ತುತ್ತಾಳೆ. ಅವಳೂ ಹೋದರೆ ನನಗೆ ಈ ಮನೆಯಲ್ಲಿ ಯಾರಿದ್ದಾರೆ?

ಮಾತೆ ಮರಿಯಮ್ಮ ನಿನ್ನನ್ನು ಕಾಯಲಿ. ನಾನಂತೂ ಬೈಯುತ್ತಲೇ ಇರುತ್ತೇನೆ.

ನಿನ್ನ ಮಗ,
ಬಿಸಾದಾ

ಮರೆತೆ: ಬರುವಾಗ ಬಖೂಮನಿಗೆ ಚಪ್ಪಲಿ ತರಬೇಕಂತೆ, ಹಳೆಯದಕ್ಕಿಂತ ಒಂದು ಅಳತೆ ದೊಡ್ಡದು. ವರ್ಷದಲ್ಲಿ ಕಾಲು ಬೆಳೆದಿರುತ್ತದೆ ಎನ್ನುತ್ತಾಳೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಇವತ್ತು ಗೋಪುರದೊಳಗೆ ಹಿಕ್ಕೆಯ ಮೇಲೆ ಬರಿಗಾಲಿನ ಪುಟ್ಟ ಹೆಜ್ಜೆಗಳಿದ್ದವು. ಅವನ ಹಳೇ ಚಪ್ಪಲಿ ತಂದು ಆ ಹೆಜ್ಜೆಯ ಮೇಲೆ ಇಟ್ಟು ನೋಡಿದೆ. ಸಾಲುವುದಿಲ್ಲ.