ಹದಿನಾಲ್ಕನೇ ಕಾಲಂನಲ್ಲಿ ನಾನು ಸುಳ್ಳು ಬರೆಯಲಿಲ್ಲ

ಚಿಕಿತ್ಸಾ ನೆರವು ನಿಧಿಯ ಮಾನ್ಯ ನಿರ್ದೇಶಕರೇ,

ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ನೆರವು ಕೋರಿ ನಾನು ಹಾಕಿದ್ದ ಅರ್ಜಿಯನ್ನು ತಾವು ಎರಡನೇ ಸಲ ತಿರಸ್ಕರಿಸಿದ್ದೀರಿ. ಮೊದಲ ಸಲದ ಕಾರಣ, ನನಗೆ ಯಾರೂ ಇಲ್ಲ. ಎರಡನೇ ಸಲದ ಕಾರಣ, ನನಗೆ ಬಹಳ ಜನ ಇದ್ದಾರೆ. ಎರಡೂ ಪತ್ರಗಳ ಕೆಳಗಿರುವುದು ತಮ್ಮದೇ ಸಹಿ. ಯಾವುದನ್ನು ನಂಬಲಿ ಎಂದು ಕೇಳಲು ತಮ್ಮ ಕಚೇರಿಗೆ ಆರು ಸಲ ಬಂದೆ. ಆರು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ಹಾಗಾಗಿ ಈಗ ಊರಿಗೆಲ್ಲ ಕೇಳುವಂತೆ ಕೇಳುತ್ತಿದ್ದೇನೆ.

ನನಗೆ ಇಪ್ಪತ್ತೊಂಬತ್ತು ವರ್ಷ. ತಮ್ಮ ಗೇಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಜನರಿಗೆ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ಏಳು ವರ್ಷದಲ್ಲಿ ತಮ್ಮ ಅರ್ಜಿ ನನಗೆ ಬಾಯಿಪಾಠವಾಗಿದೆ. ತಾವು ಅದನ್ನು ಒಮ್ಮೆಯಾದರೂ ಪೂರ್ತಿ ಓದಿದ್ದೀರಾ? ಅದರ ಹದಿನಾಲ್ಕನೇ ಕಾಲಂ ಹೀಗಿದೆ: "ರೋಗಿಯ ಜೊತೆ ವಾಸಿಸುವ ಆರೈಕೆದಾರರ ಹೆಸರು ಮತ್ತು ಸಹಿ. ಸಂಬಂಧ: ಗಂಡ, ಮಗ, ಮಗಳು, ಸೊಸೆ." ಇದನ್ನು ಬರೆದವರ ಕಣ್ಣ ಮುಂದೆ ಅರವತ್ತು ದಾಟಿದ ಒಬ್ಬ ತಾಯಿ ಇದ್ದಿರಬೇಕು. ಈ ಕಾಯಿಲೆ ಇಪ್ಪತ್ತೊಂಬತ್ತಕ್ಕೂ ಬರುತ್ತದೆಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ನಾನು ಅರ್ಜಿ ಕೊಟ್ಟ ದಿನ ಕೌಂಟರಿನ ಗುಮಾಸ್ತರು ನನ್ನ ಬೆನ್ನ ಹಿಂದೆ ಇಣುಕಿ, "ಪೇಷಂಟ್ ಎಲ್ಲಿದಾರಮ್ಮಾ? ಅಮ್ಮನ್ನ ಕರ್ಕೊಂಡು ಬರ್ಲಿಲ್ವಾ?" ಎಂದರು. "ನಾನೇ ಸರ್ ಪೇಷಂಟ್" ಎಂದೆ. ಪಾಪ, ಅವರು ಕೈಯಲ್ಲೇ ಇದ್ದ ಪೆನ್ನಿನ ಮುಚ್ಚಳವನ್ನು ಮೇಜಿನ ಮೇಲೆಲ್ಲ ಹುಡುಕತೊಡಗಿದರು.

ನನಗೆ ಅಪ್ಪ ಅಮ್ಮ ಇಲ್ಲ. ಅಣ್ಣ ಇದ್ದಾನೆ, ಎರಡು ದಿನದ ಪ್ರಯಾಣದಷ್ಟು ದೂರದಲ್ಲಿ, ಇಬ್ಬರು ಎಳೆಮಕ್ಕಳ ಜೊತೆ. ತಮ್ಮ ಕಾಲಂನಲ್ಲಿ ಅಣ್ಣನಿಗೆ ಜಾಗವಿಲ್ಲ. ಗಂಡ, ಮಗ, ಸೊಸೆ ಇವರೆಲ್ಲ ನನಗೆ ಇನ್ನು ಮೇಲೆ ಆಗಬೇಕಾದವರು. ಅವರು ಬರುವುದಕ್ಕೆ ಮೊದಲು ಗಂಟು ಬಂತು. ಬಂದ ಕಾಯಿಲೆಗೆ ಕ್ರಮ ತಿಳಿಯದು, ನಿಜ. ಆದರೆ ಅದರ ಶಿಕ್ಷೆ ನನಗೇಕೆ?

ಇನ್ನು ನನ್ನ ತಪ್ಪೊಪ್ಪಿಗೆ. ತಮ್ಮ ಗೇಟಿನ ಮುಂದಿನ ಸಾಲಿಗೆ ತನ್ನದೇ ಒಂದು ಪದ್ಧತಿಯಿದೆ. ಒಂಟಿಯಾಗಿ ಬಂದವರ ಹದಿನಾಲ್ಕನೇ ಕಾಲಂಗೆ ಸಾಲಿನಲ್ಲಿರುವ ಇನ್ಯಾರೋ ಸಹಿ ಹಾಕುತ್ತಾರೆ. ಯಾರೂ ಒಪ್ಪದಿದ್ದರೆ ಅರ್ಜಿ ತುಂಬುವವಳೇ ಹಾಕಬೇಕು. ಹಾಗೆ ನಾನು ಹನ್ನೊಂದು ಮಂದಿಗೆ ಸಹಿ ಹಾಕಿದ್ದೇನೆ. ಎಂಟು ಮಂದಿಗೆ ಮಗಳಾಗಿದ್ದೇನೆ, ಮೂವರಿಗೆ ಸೊಸೆಯಾಗಿದ್ದೇನೆ. ಮದುವೆಯಾಗದ ಹುಡುಗಿಯನ್ನು ತಮ್ಮ ಇಲಾಖೆ ಮೂರು ಮನೆ ತುಂಬಿಸಿತು, ಒಮ್ಮೆಯೂ ಅನುಮಾನ ಪಡಲಿಲ್ಲ. ಹನ್ನೊಂದು ಮಂದಿಗೂ ನೆರವು ಸಿಕ್ಕಿತು.

ನನ್ನ ಸರದಿ ಬಂದಾಗ ನಾನು ಮಾಡಬಾರದ ತಪ್ಪು ಮಾಡಿದೆ. ಆ ಕಾಲಂನಲ್ಲಿ "ಯಾರೂ ಇಲ್ಲ" ಎಂದು ನಿಜ ಬರೆದೆ. ಅಂಗಡಿಯ ಯಜಮಾನರು ಹಣೆ ಚಚ್ಚಿಕೊಂಡರು. "ಊರಿಗೆಲ್ಲ ಬುದ್ಧಿ ಹೇಳೋಳು ನೀನು! ಸಾಲಲ್ಲಿ ಯಾರನ್ನಾದ್ರೂ ಒಬ್ರನ್ನ ಕೇಳಿದ್ರೆ ಆಗ್ತಿರ್ಲಿಲ್ವಾ?" ಎಂದರು. ಕೇಳಲು ಹೋಗಿದ್ದೆ, ಮಾನ್ಯರೇ. ಬೇರೆಯವರಿಗಾಗಿ ಏಳು ವರ್ಷ ಕೂಗಿ ಕರೆದ ಬಾಯಿ, ನನಗಾಗಿ ತೆರೆಯಲಿಲ್ಲ. "ನನಗೆ ಯಾರೂ ಇಲ್ಲ, ನನ್ನವರು ಎಂದು ಒಂದು ಸಹಿ ಹಾಕ್ತೀರಾ" ಎಂದು ಅಪರಿಚಿತರ ಮುಂದೆ ನಿಂತು ಹೇಳುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

ಅರ್ಜಿ ಅಪೂರ್ಣವೆಂದು ತಿರಸ್ಕೃತವಾಯಿತು. ಒಂಟಿ ರೋಗಿಗಳಿಗೆ, ಏಳು ವರ್ಷದಲ್ಲಿ ನಾನೂ ಕಾಣದ, ಬೇರೆ ನಮೂನೆಯಿದೆ ಎಂದು ಗುಮಾಸ್ತರು ತಿಳಿಸಿದರು. ಅದಕ್ಕೆ ನಾನು ಒಂಟಿ ಎಂಬುದಕ್ಕೆ ಒಂದೇ ಸೂರಿನಡಿ ವಾಸಿಸುವ ಇಬ್ಬರ ಸಾಕ್ಷಿ ಬೇಕು! ಈ ವಾಕ್ಯ ಬರೆದವರಿಗೆ ಬಡ್ತಿ ಸಿಕ್ಕಿರಬೇಕು ಎಂದು ನಂಬಿದ್ದೇನೆ. ಕೆಳಗಿನ ಮನೆಯ ಗಂಡಹೆಂಡತಿ ಸಹಿ ಹಾಕಿಕೊಟ್ಟರು. ಸೂರು ಒಂದೇ, ಮಹಡಿ ಬೇರೆ. ಆ ಅರ್ಜಿಯೂ ವಾಪಸ್ಸು ಬಂತು. ಗುಮಾಸ್ತರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. "ನೋಡಮ್ಮಾ, ನಿನ್ ಹೆಸ್ರು ಹೊಡೆದ್ರೆ ಹನ್ನೊಂದು ಮನೆ ಬರುತ್ತೆ. ಇಷ್ಟು ಜನಾನ ಇಟ್ಕೊಂಡು ಒಂಟಿ ಅಂದ್ರೆ ನಾನ್ ಹೇಗೆ ಕಳಿಸ್ಲಿ ಮೇಲಕ್ಕೆ?"

ಮನೆಗೆ ಮಾರಿ ಊರಿಗೆ ಉಪಕಾರಿ ಎನ್ನುತ್ತಾರೆ. ಮಾರಿಯಾಗಲು ನನಗೆ ಮನೆಯೂ ಇರಲಿಲ್ಲ, ನನಗೇ ಆದೆ.

ಅಂದು ಮಧ್ಯಾಹ್ನ ಅಂಗಡಿಯ ಹಳೆಯ ಪುಸ್ತಕ ತೆಗೆದು ಆ ಹನ್ನೊಂದು ಮಂದಿಗೂ ಫೋನ್ ಮಾಡಿದೆ. ಇಷ್ಟು ಜನರಿದ್ದಾರೆ ಎಂದು ಸರ್ಕಾರವೇ ಹೇಳುವಾಗ ಒಮ್ಮೆ ಮಾತಾಡಿಸಬೇಕು ಎನಿಸಿತು. ಆರು ಮಂದಿ ತೀರಿಕೊಂಡಿದ್ದರು. ಮೂರು ನಂಬರುಗಳು ಹೋಗಲಿಲ್ಲ. ಒಬ್ಬರು ರಾಂಗ್ ನಂಬರ್ ಎಂದರು. ಕೊನೆಯವರು ಶಾಲೆಯೊಂದರಲ್ಲಿ ಆಯಾ ಆಗಿದ್ದವರು. ನನ್ನ ದನಿ ಕೇಳಿದ ಕೂಡಲೇ, "ಏನೇ ಮಗಳೇ, ಇಷ್ಟ್ ದಿನಕ್ಕೆ ನೆನಪಾಯ್ತಾ? ಹೇಗಿದೀಯ?" ಎಂದರು. ನನ್ನನ್ನು ಯಾರಾದರೂ ಹೇಗಿದ್ದೀಯ ಎಂದು ಕೇಳಿ ಎಷ್ಟು ದಿನವಾಗಿತ್ತೋ. ಆಸ್ಪತ್ರೆಯಲ್ಲಿ ಕೇಳುವುದು ಜ್ವರ ಇದೆಯಾ, ವಾಂತಿ ಆಯಿತಾ ಎಂದು. "ಚೆನ್ನಾಗಿದೀನಿ ಅಮ್ಮಾ" ಎಂದು ಫೋನಿಟ್ಟೆ. ಅವರಿಗೆ ತಮ್ಮ ನಿಧಿಯ ನೆರವು ಇನ್ನೂ ಬರುತ್ತಿದೆ. ನನ್ನ ಕಷ್ಟ ಹೇಳಿದರೆ ಅವರು ಮರುದಿನವೇ ತಮ್ಮ ಕೌಂಟರಿಗೆ ಬಂದು ಜಗಳಕ್ಕೆ ನಿಲ್ಲುತ್ತಾರೆ, ಸುಳ್ಳು ಸಹಿ ಹೊರಬೀಳುತ್ತದೆ, ಇದ್ದ ನೆರವನ್ನೂ ಕಳೆದುಕೊಳ್ಳುತ್ತಾರೆ. ಅಂಗಡಿಯ ಹಿಂದಿನ ಪೇಪರ್ ರೀಮುಗಳ ಮೇಲೆ ಕೂತು ಅತ್ತೆ.

ಎಂಟು ಕಿಮೋಗಳಲ್ಲಿ ಐದು ಮುಗಿದಿವೆ. ಕೈಲಿದ್ದದ್ದು, ಅಣ್ಣ ಕಳಿಸಿದ್ದು, ಯಜಮಾನರು ಮುಂಗಡ ಕೊಟ್ಟದ್ದು ಎಲ್ಲ ಅವಕ್ಕೇ ಸರಿಹೋಯಿತು. ಆರನೆಯದಕ್ಕೆ ಇನ್ನು ಹದಿಮೂರು ದಿನ. ಮಧ್ಯದಲ್ಲಿ ನಿಲ್ಲಿಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ ಎಂದು ಡಾಕ್ಟರಮ್ಮ ಹೇಳಿದ್ದಾರೆ.

ಆದ್ದರಿಂದ ಹದಿಮೂರು ದಿನದೊಳಗೆ ಹದಿನಾಲ್ಕನೇ ಕಾಲಂಗೆ "ರೋಗಿ ಸ್ವತಃ" ಎಂಬ ಎರಡು ಪದ ಸೇರಿಸಿ. ನನ್ನಂತೆ ಚಿಕ್ಕ ವಯಸ್ಸಿಗೇ ಈ ವಾರ್ಡಿಗೆ ಬಂದವರು ತಮ್ಮ ಸಹಿ ತಾವೇ ಹಾಕಲಿ. ನನ್ನ ಸುಳ್ಳಿಗಾಗಿ, ಫೋನಿನಲ್ಲಿ ಮಗಳೇ ಎಂದ ಆ ತಾಯಿಯ ನೆರವನ್ನು ಮುಟ್ಟಬೇಡಿ, ಅಲ್ಲಿ ಸಹಿ ನನ್ನದು, ತಪ್ಪೂ ನನ್ನದು. ನನ್ನ ಮೇಲೆ ವಿಚಾರಣೆ ನಡೆಸುವುದಾದರೆ ಖಂಡಿತ ನಡೆಸಿ. ನಾನು ಒಂಟಿ ಹೌದೋ ಅಲ್ಲವೋ ನೋಡಲು ನನ್ನ ಕೋಣೆಗೆ ಒಬ್ಬ ಅಧಿಕಾರಿಯನ್ನು ಕಳುಹಿಸಿ. ಅವಸರದವರು ಬೇಡ. ಸ್ವಲ್ಪ ಹೊತ್ತು ಕೂತು ಹೋಗುವವರನ್ನು ಕಳುಹಿಸಿ.

ಇಂತಿ,
ತಮ್ಮ ಕಂಪ್ಯೂಟರಿನಲ್ಲಿ ಹನ್ನೊಂದು ಮನೆಯವಳು,
ಮನೆಯಲ್ಲಿ ಒಬ್ಬಳೇ