ದೊಡ್ಡ ಕಣ್ಣಿನ ಮಣ್ಣಿನ ಗೊಂಬೆ

ನವೆಂಬರ್ 14, ಗುರುವಾರ. ಅತ್ಲೋನ್, ಐರ್ಲೆಂಡ್.

ಇವತ್ತು ಅಕ್ಕನ ಹನ್ನೊಂದನೇ ದಿನ. ಮೈಸೂರಿನಲ್ಲಿ ಕಾರ್ಯ ಮುಗಿಯಿತಂತೆ. ರಿನೀವಲ್‌ಗೆ ಕೊಟ್ಟ ನನ್ನ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ. ಆಫೀಸಿನಲ್ಲಿ ಯಾರು ಹೇಗಿದ್ದೀಯ ಅಂತ ಕೇಳಿದರೂ ಇಲ್ಲಿಯವರ ಹಾಗೆ ‘ಗ್ರ್ಯಾಂಡ್’, ಚೆನ್ನಾಗಿದ್ದೀನಿ, ಅಂದುಬಿಡುತ್ತೇನೆ. ನನ್ನ ಬಾಯಿಯ ಮೇಲೆ ನನಗೇ ಸಿಟ್ಟು.

ಸಂಜೆ ಮಗಳು ಇಂಚರಾ ಶಾಲೆಯಲ್ಲಿ ಮಾಡಿದ ಮಣ್ಣಿನ ಗೊಂಬೆಯೊಂದನ್ನು ತಂದಳು. ಪ್ರಾಚೀನ ಇರಾಕಿನ ಸುಮೇರಿಯನ್ನರ ಪಾಠ ನಡೆಯುತ್ತಿದೆಯಂತೆ. ಅವರ ಬರವಣಿಗೆ, ಊರುಗಳು, ಕಾಲುವೆಗಳು ಎಲ್ಲ ಬಿಟ್ಟು ಇವಳಿಗೆ ಹಿಡಿಸಿದ್ದು ಇದು: ಎದೆಯ ಮೇಲೆ ಕೈ ಹೆಣೆದು ನಿಂತ ಹೆಂಗಸು, ಮುಖದ ತುಂಬ ಕಣ್ಣು. ಗುಡಿಯಲ್ಲಿ ಸದಾ ನಿಂತಿರಲು ಆಗದವರು ತಮ್ಮ ಬದಲಿಗೆ ಇಂಥದೊಂದನ್ನು ದೇವರೆದುರು ನಿಲ್ಲಿಸಿ ಬರುತ್ತಿದ್ದರು ಎಂದು ತನ್ನ ಐರಿಷ್ ಇಂಗ್ಲಿಷಿನಲ್ಲಿ ವಿವರಿಸಿದಳು. ಆಮೇಲೆ, ಅಪರೂಪಕ್ಕೆ ಕನ್ನಡದಲ್ಲಿ, “ಇದು ನೀನು ಅಮ್ಮಾ. ದೊಡ್ಡಮ್ಮನ ಫೋಟೋ ಮುಂದೆ ಇಡೋಣ” ಅಂದಳು.

“ಕಣ್ಣು ಯಾಕೆ ಪುಟ್ಟಿ ಇಷ್ಟು ದೊಡ್ಡದು?”

“ನೋಡ್ತಾನೇ ಇರೋಕೆ. ದೇ ನೆವರ್ ಲುಕ್ ಅವೇ.”

ಇಬ್ಬರೂ ಸೇರಿ ದೀಪ ಹಚ್ಚಿದೆವು. ಅವಳು ಮಲಗಿದ ಮೇಲೆ ಗೊಂಬೆಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಅದರ ಎದುರು ಕೂರಲು ಆಗಲಿಲ್ಲ.

ಅಕ್ಕ ಹೋದ ದಿನ ಭಾವ ವೀಡಿಯೋ ಕಾಲ್ ಮಾಡಿ, ಫೋನನ್ನು ಅಕ್ಕನ ಮುಖದ ಹತ್ತಿರ ಹಿಡಿದು, “ಕೊನೇ ಸಲ ನೋಡ್ಕೊಳಮ್ಮ” ಅಂದಿದ್ದರು. ನೋಡಿದೆ ಭಾವ, ಸಾಕು ಅಂದೆ.

ನೋಡಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ.